ತೋಟೆಯೊಳಗಿನ ಪ್ಲಾಸ್ಟಿಕ್ ಬಟ್ಟಲು ಕಾಯುವುದು ನಳಿಗೆಯನ್ನೋ, ಚರೆಯನ್ನೋ?

ಕಾರ್ಕಳದ ಅಡಿಕೆ

ಕೋವಿ 12 ಬೋರ್ ಜೋಡುನಳಿಗೆ, ಬೆಳೆ ರಕ್ಷಣೆ ಲೈಸೆನ್ಸಿನದ್ದು, ಹಳೆಯದು. ನಳಿಗೆ 28 ಇಂಚು, ಬಲದ್ದು ಹಾಫ್ ಚೋಕ್ (ಚೋಕ್ ಎಂದರೆ ನಳಿಗೆಯ ಬಾಯಿ ಕಿರಿದಾಗಿರುವುದು), ಎಡದ್ದು ಫುಲ್. ಮೊದಲು ಹಾಕುತ್ತಿದ್ದದ್ದು ಕಾಗದದ ತೋಟೆ, ಒಳಗೆ ಮದ್ದಿಗೂ ಚರೆಗೂ ನಡುವೆ ಫೆಲ್ಟ್ ವಾಡ್. ಈಗ ಸಿಗುವುದೆಲ್ಲ ಪ್ಲಾಸ್ಟಿಕ್. ಒಳಗೆ ನಾಲ್ಕು ಎಸಳಿನ ಬಟ್ಟಲಿನಂಥದ್ದು ಉಂಟು, ಚರೆ, ಅಂದರೆ ಸೀಸದ ಕಾಳು, ಅದರಲ್ಲಿ ಕೂತಿರುತ್ತದೆ.

ಕೇಳಬೇಕಾದ್ದು ಇಷ್ಟು. ಈ ಬಟ್ಟಲು ಇರುವುದು ನಳಿಗೆ ಸವೆಯಬಾರದು ಅಂತಲೋ, ಚರೆ ಕೆಡಬಾರದು ಅಂತಲೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎರಡನೆಯದು, ಪ್ಲಾಸ್ಟಿಕ್ ತೋಟೆಗೆ ಬದಲಾದ ಮೇಲೆ ನಳಿಗೆಯ ಬುಡದಿಂದ ನಾಲ್ಕು ಬೆರಳು ಒಳಗೆ ಬೂದು ಬಣ್ಣದ ಗೀರುಗಳು ಕಾಣುತ್ತಿವೆ. ಎಣ್ಣೆ ಬಟ್ಟೆಯಲ್ಲಿ ಎಳೆದರೆ ಹೋಗುವುದಿಲ್ಲ. ಚರೆ ಬಟ್ಟಲಿನೊಳಗೇ ಇರುವುದಾದರೆ ಈ ಸೀಸ ಎಲ್ಲಿಂದ ಬಂತು? ಮಳೆಗಾಲಕ್ಕೆ ಮುಂಚೆ ತೆಗೆಯಲೇಬೇಕಾ?

ನಳಿಗೆನೋಟ

ಎರಡಕ್ಕೂ ಹೌದು. ಚರೆಗೆ ಪೆಟ್ಟು ಕೊಡುವುದೂ ನಳಿಗೆಗೆ ಸೀಸ ಮೆತ್ತುವುದೂ ಒಂದೇ ಉಜ್ಜಾಟ. ಅದನ್ನು ತಪ್ಪಿಸಿದರೆ ಎರಡೂ ಉಳಿಯುತ್ತವೆ. ಆದರೆ ವಾಡ್ ಎನ್ನುವುದು ಬರೀ ಬಟ್ಟಲಲ್ಲ. ಅದಕ್ಕೆ ಮೂರು ಅಂಗ ಉಂಟು, ಮೂರಕ್ಕೂ ಬೇರೆ ಬೇರೆ ಕೆಲಸ.

ಹಾರಿಸಿದ ಮೇಲೆ ಎದುರಿಗೆ ಹತ್ತಿಪ್ಪತ್ತು ಮೀಟರ್ ಆಚೆ ಬಿದ್ದ ಒಂದು ವಾಡ್ ಹೆಕ್ಕಿ ಕೈಯಲ್ಲಿ ಹಿಡಿದು ನೋಡಿ. ಅಡಿಯಲ್ಲಿ ಒಳಮುಖವಾಗಿ ಗುಳಿಬಿದ್ದ ತೆಳು ಅಂಚಿನ ಕಪ್ ಕಾಣುತ್ತದೆ, ಮದ್ದಿನ ಮೇಲೆ ಕೂತಿರುವುದು ಅದು. ಮದ್ದು ಉರಿದು ಗ್ಯಾಸ್ ಆದಾಗ ಅದರ ಒತ್ತಡಕ್ಕೇ ಈ ಅಂಚು ಹೊರಗೆ ಬಾಗಿ ನಳಿಗೆಗೆ ಅಂಟಿಕೊಳ್ಳುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿ. ಸೈಕಲ್ ಪಂಪಿನ ವಾಷರ್ ಕೆಲಸ ಮಾಡುವ ಹಾಗೆಯೇ. ಇದು ಕೈಕೊಟ್ಟರೆ ಬಿಸಿ ಗ್ಯಾಸ್ ಚರೆಯ ಸಂದಿಗೆ ನುಗ್ಗುತ್ತದೆ. ಸೀಸ ಕರಗುವುದು 327 ಡಿಗ್ರಿಗೆ, ಆ ಗ್ಯಾಸ್ ಅದಕ್ಕಿಂತ ಎಷ್ಟೋ ಪಾಲು ಬಿಸಿ. ಚರೆಯ ಮೈ ಕರಗಿ ನಾಲ್ಕೈದು ಕಾಳು ಒಂದಕ್ಕೊಂದು ಬೆಸೆದು ಗಂಟಾಗಿ ಹೋಗುತ್ತವೆ. ವೇಗವೂ ಕಡಿಮೆಯಾಗುತ್ತದೆ.

ನಡುವೆ ಇರುವುದು ಕುಸಿಯುವ ಕಾಲುಗಳು. ಹೊಸ ವಾಡ್‌ನಲ್ಲಿ ಇವು ನೆಟ್ಟಗಿರುತ್ತವೆ, ಹಾರಿದ ವಾಡ್‌ನಲ್ಲಿ ಸೊಟ್ಟಗಾಗಿರುತ್ತವೆ. ಇದು ಯಾಕೆ ಬೇಕು ಎಂದರೆ ಒಂದು ಸಣ್ಣ ಲೆಕ್ಕ ಮಾಡಿ. 28 ಗ್ರಾಂ ಚರೆ, 70 ಸೆಂ.ಮೀ. ನಳಿಗೆ, ಬಾಯಿ ಬಿಡುವಾಗ ಸೆಕೆಂಡಿಗೆ 400 ಮೀಟರ್ ವೇಗ. ಸರಾಸರಿ ತೆಗೆದರೂ ಅಡಿಯ ಪದರದ ಮೇಲೆ ಬೀಳುವ ಭಾರ ಮುನ್ನೂರು ಕೆ.ಜಿ. ದಾಟುತ್ತದೆ. ಮೊದಲ ಕೆಲವು ಇಂಚಿನಲ್ಲಿ ಅದರ ಎಷ್ಟೋ ಪಟ್ಟು. ಮೆತ್ತಗಿನ ಸೀಸ ಅಲ್ಲಿ ಅವಲಕ್ಕಿಯಾಗುತ್ತದೆ. ಕಾಲುಗಳು ಕುಸಿಯುತ್ತಾ ಆ ಮೊದಲ ಹೊಡೆತವನ್ನು ಸ್ವಲ್ಪ ಸಾವಕಾಶ ಮಾಡುತ್ತವೆ. ಫೆಲ್ಟ್ ವಾಡ್ ಮಾಡುತ್ತಿದ್ದದ್ದೂ ಇದೇ ಕೆಲಸ, ಕೇಪಿನ ಕೋವಿಯಲ್ಲಿ ತೆಂಗಿನ ನಾರು ಗಿಡಿಯುತ್ತಿದ್ದದ್ದೂ ಇದಕ್ಕೇ.

ಮೂರನೆಯದು ನೀವು ಹೇಳಿದ ಬಟ್ಟಲು. 12 ಬೋರಿನ ಒಳವ್ಯಾಸ 18.5 ಮಿ.ಮೀ. ನಮ್ಮಲ್ಲಿ 6 ನಂಬರ್ ಎನ್ನುವ ಚರೆ 2.6 ಮಿ.ಮೀ. ಬಟ್ಟಲು ಇಲ್ಲದೆ ತುಂಬಿದರೆ ಒಂದು ಸುತ್ತಿಗೆ ಸುಮಾರು 19 ಕಾಳು ಗೋಡೆಗೆ ತಾಗುತ್ತವೆ, ಅಂದರೆ ಆ ಪದರದ ಅರ್ಧದಷ್ಟು. ದಪ್ಪ ಚರೆಯಾದರೆ ಗೋಡೆಗೆ ತಾಗುವ ಪಾಲು ಇನ್ನೂ ಜಾಸ್ತಿ. ಅವಷ್ಟೂ ಉಕ್ಕಿಗೆ ಉಜ್ಜುತ್ತಾ ಹೋಗಿ ಒಂದು ಬದಿ ಚಪ್ಪಟೆಯಾಗುತ್ತವೆ. ಉಜ್ಜಿಹೋದ ಸೀಸ ನಳಿಗೆಯಲ್ಲೇ ಉಳಿಯುತ್ತದೆ. ಎಸಳಿನ ದಪ್ಪ ಅರ್ಧ ಮುಕ್ಕಾಲು ಮಿಲಿಮೀಟರ್ ಅಷ್ಟೆ, ಆದರೆ ಚರೆಗೂ ಉಕ್ಕಿಗೂ ಮುಖಾಮುಖಿಯೇ ಆಗದ ಹಾಗೆ ನೋಡಿಕೊಳ್ಳುತ್ತದೆ. ಬಾಯಿ ಬಿಟ್ಟ ಕೂಡಲೇ ಗಾಳಿಗೆ ನಾಲ್ಕೂ ಎಸಳು ಹಿಂದಕ್ಕೆ ಬಿಚ್ಚಿಕೊಂಡು ವಾಡ್ ಹಿಂದೆ ಉಳಿಯುತ್ತದೆ, ಚರೆ ಮುಂದೆ ಹೋಗುತ್ತದೆ.

ಹೆಕ್ಕಿದ ವಾಡ್ ಕಂಡರೆ ಒಳಗಿನ ಹಣೆಬರಹ ಗೊತ್ತಾಗುತ್ತದೆ. ಎಸಳಿನ ಒಳಮೈಯಲ್ಲಿ ಸಣ್ಣ ಸಣ್ಣ ಕುಳಿ ಇದ್ದರೆ ಸರಿ, ಅದು ಚರೆ ಒತ್ತಿದ ಗುರುತು. ಎಸಳು ತೂತಾಗಿದ್ದರೆ ಚರೆ ನಳಿಗೆ ಮುಟ್ಟಿದೆ ಎಂದರ್ಥ. ಅಡಿಯ ಕಪ್ಪಿನ ಅಂಚು ಒಂದೇ ಬದಿಯಲ್ಲಿ ಕರಕಲಾಗಿ ಕರಗಿದ್ದರೆ ಅಲ್ಲಿ ಗ್ಯಾಸ್ ಸೋರಿದೆ. ಒಂದು ಎಸಳು ಬಿಚ್ಚಿಕೊಳ್ಳದೆ ಉಳಿದಿದ್ದರೆ ವಾಡ್ ಓರೆಯಾಗಿ ಹೋಗಿ ಚರೆಯ ಗುಂಪನ್ನೂ ಎಳೆದಿರುತ್ತದೆ.

ಇನ್ನು ಗೀರು. ಅದು ಸೀಸವೋ ಪ್ಲಾಸ್ಟಿಕ್ಕೋ ಮೊದಲು ನೋಡಿ. ಬಿದಿರಿನ ಕಡ್ಡಿಯನ್ನು ಉಳಿಯ ಹಾಗೆ ಹೆರೆದು ಗೀರಿನ ಮೇಲೆ ಎಳೆಯಿರಿ. ತೆಳು ಪೊರೆಯ ಹಾಗೆ ಎದ್ದು ಬಂದರೆ ವಾಡ್‌ನ ಪ್ಲಾಸ್ಟಿಕ್. ಏಳದೆ, ಎಳೆದ ಕಡೆ ಬೆಳ್ಳಗೆ ಹೊಳೆದು ಕಡ್ಡಿಗೆ ಪೆನ್ಸಿಲಿನ ಮಸಿ ಹತ್ತಿದರೆ ಸೀಸ, ಅದು ಫೆಲ್ಟ್ ವಾಡ್ ಕಾಲದ ಬಾಕಿ ಇರಬಹುದು. ಮೊಳೆ, ಸ್ಕ್ರೂಡ್ರೈವರ್ ಹಾಕಬೇಡಿ.

ಟ್ರ್ಯಾಪ್ ಮಂಗ್ಳೂರು

ಮೇಲಿನದಕ್ಕೆ ಒಂದು ಸೇರ್ಪಡೆ. ಚರೆ ಉಳಿಯುವುದು ವಾಡ್‌ನಿಂದ ಮಾತ್ರ ಅಲ್ಲ, ಚರೆಯ ಗಟ್ಟಿತನದಿಂದ ಕೂಡ. ಬರೀ ಸೀಸ ಬಹಳ ಮೆತ್ತಗೆ. ಅದಕ್ಕೆ ಆಂಟಿಮನಿ ಸೇರಿಸುತ್ತಾರೆ. ಸಾದಾ ತೋಟೆಯಲ್ಲಿ ಶೇ. 2ರ ಆಸುಪಾಸು, ಸ್ಪರ್ಧೆಯ ಒಳ್ಳೆ ತೋಟೆಯಲ್ಲಿ 5ರ ಮೇಲೆ. ಕೆಲವದಕ್ಕೆ ತಾಮ್ರ ಅಥವಾ ನಿಕಲ್ ಲೇಪ ಇರುತ್ತದೆ. ದಪ್ಪ ಗುಂಡಿನ ತೋಟೆಯಲ್ಲಿ ಗುಂಡಿನ ನಡುವೆ ಬಿಳಿ ಪ್ಲಾಸ್ಟಿಕ್ ಪುಡಿ ತುಂಬಿರುತ್ತಾರೆ, ಸಂದಿ ಇಲ್ಲದಿದ್ದರೆ ಒಂದನ್ನೊಂದು ಜಜ್ಜುವುದು ಕಡಿಮೆ. ತೋಟೆ ಒಡೆದು ನೋಡಿದವರು ಇದನ್ನು ಮದ್ದು ಎಂದು ತಿಳಿಯುವುದುಂಟು, ಅಲ್ಲ.

ಚಪ್ಪಟೆ ಚರೆ ಏನು ಮಾಡುತ್ತದೆ ಎನ್ನುವುದನ್ನು ಕಾಗದದ ಮೇಲೆ ನೋಡಬಹುದು. 40 ಗಜ ದೂರದಲ್ಲಿ ದೊಡ್ಡ ಹಾಳೆ ಕಟ್ಟಿ ಒಂದು ಈಡು ಹಾರಿಸಿ. ಚರೆ ದಟ್ಟವಾಗಿ ಬಿದ್ದ ಕಡೆ 30 ಇಂಚಿನ ವೃತ್ತ ಎಳೆದು ತೂತು ಎಣಿಸಿ. ಫುಲ್ ಚೋಕ್ ಆದರೆ ಒಟ್ಟು ಚರೆಯ ಶೇ. 70, ಹಾಫ್ ಆದರೆ 60 ಒಳಗಿರಬೇಕು. ಒಂದು ಔನ್ಸ್ 6 ನಂಬರ್ ಅಂದರೆ ಸುಮಾರು 270 ಕಾಳು, ಆ ಲೆಕ್ಕಕ್ಕೆ ಫುಲ್‌ನಲ್ಲಿ 190ರ ಹತ್ತಿರ. ಅದೇ ಚೋಕ್, ಅದೇ ದೂರ, ಬೇರೆ ತೋಟೆಯಲ್ಲಿ 150ಕ್ಕೆ ಇಳಿದರೆ ತಪ್ಪು ನಳಿಗೆಯದ್ದಲ್ಲ. ಒಂದೇ ಈಡಿನಲ್ಲಿ ತೀರ್ಮಾನಕ್ಕೆ ಬರಬೇಡಿ, ಕಡಿಮೆ ಎಂದರೆ ಐದು ಹಾಳೆ ಬೇಕು. ಹೊರಗಿನ ಡಬ್ಬ ಆದರೆ ನಂಬರ್ ನಂಬಬೇಡಿ, ಅಮೆರಿಕದ 6 ಎಂದರೆ 2.8 ಮಿ.ಮೀ., ಎಣಿಕೆ ಕಡಿಮೆ ಬರುತ್ತದೆ.

ಫುಲ್ ಚೋಕ್ ಬಾಯಿಯಲ್ಲಿ ಸುಮಾರು 1 ಮಿ.ಮೀ. ಕಿರಿದು. ಮೆತ್ತಗಿನ ಚರೆ ಅಲ್ಲಿ ಇನ್ನೊಮ್ಮೆ ಪೆಟ್ಟು ತಿನ್ನುತ್ತದೆ. ಹಾಗಾಗಿ ಸೀಸ ಮೆತ್ತುವುದು ಎರಡೇ ಕಡೆ, ತೋಟೆ ಕೂರುವ ಜಾಗ ಮುಗಿದು ನಳಿಗೆ ಕಿರಿದಾಗುವ ಬುಡದ ಇಳಿಜಾರಿನಲ್ಲಿ ಮತ್ತು ಬಾಯಿಯ ಕೊನೆಯ ನಾಲ್ಕು ಇಂಚಿನಲ್ಲಿ. ನಡುವಿನ ನಳಿಗೆ ಸಾಮಾನ್ಯವಾಗಿ ಚೊಕ್ಕವಾಗಿಯೇ ಇರುತ್ತದೆ.

ಹೆಬ್ರಿ ಕಾಡುಬದಿ

ಹ್ವಾಯ್, ಒಂದ್ ವಿಷಯ ಯಾರೂ ಕೇಳ್ಲಿಲ್ಲ. ಕೋವಿ ಹಳೆಯದು, ಮೊದಲು ಕಾಗದದ ತೋಟೆ ಅಂತ ಬರೆದಿದ್ದೀರಿ. ಚೇಂಬರ್, ಅಂದರೆ ತೋಟೆ ಕೂರುವ ಜಾಗ, ಎಷ್ಟು ಉದ್ದದ್ದು? ನಳಿಗೆ ಬಿಚ್ಚಿ ಅಡಿಯ ಚಪ್ಪಟೆ ಭಾಗದಲ್ಲಿ ಏನು ಕೊರೆದಿದೆ ನೋಡಿ. 65 (ಮಿ.ಮೀ.) ಅಥವಾ 2½ (ಇಂಚು) ಅಂತಲಾ, 70 ಅಥವಾ 2¾ ಅಂತಲಾ? ತೋಟೆ ಡಬ್ಬದ ಮೇಲೆ ಎಷ್ಟಿದೆ? ಅದು ಗೊತ್ತಾಗುವವರೆಗೆ ಹಾರಿಸುವುದು ಬೇಡ.

ಕಾರ್ಕಳದ ಅಡಿಕೆ

ನೋಡಿದೆ. ನಳಿಗೆಯಡಿ 2½ ಅಂತ ಉಂಟು. ಡಬ್ಬದಲ್ಲಿ 70 ಎಂಎಂ. ಆದರೆ ತೋಟೆ ಸಲೀಸಾಗಿ ಕೂರುತ್ತದೆ, ಕೋವಿ ಪೂರ್ತಿ ಮುಚ್ಚುತ್ತದೆ, ಎಲ್ಲೂ ಬಿಗಿ ಇಲ್ಲ. ಬಿದಿರು ಕಡ್ಡಿಗೆ ಬಂದದ್ದು ಪೊರೆ, ಬೆಳ್ಳಗೆ.

ಹೆಬ್ರಿ ಕಾಡುಬದಿ

ಹಾಗಾದರೆ ಗೀರಿನ ಮೂಲ ಸಿಕ್ಕಿತು. ಆ ತೋಟೆ ಇನ್ನು ಆ ಕೋವಿಗೆ ಬೇಡವೇ ಬೇಡ.

ತೋಟೆಯ ಮೇಲೆ ಬರೆಯುವ 70 ಎನ್ನುವುದು ಹಾರಿಸಿದ ಮೇಲಿನ ಉದ್ದ, ಬಾಯಿ ಬಿಚ್ಚಿಕೊಂಡ ಮೇಲೆ. ಹಾರಿಸದ ತೋಟೆಯ ಬಾಯಿ ನಕ್ಷತ್ರದ ಹಾಗೆ ಮಡಚಿರುತ್ತದೆ, ಸ್ಕೇಲ್ ಹಿಡಿದರೆ 58ರಿಂದ 60 ಮಿ.ಮೀ. ಬರುತ್ತದೆ. ಅದಕ್ಕೇ 65ರ ಚೇಂಬರಿನಲ್ಲಿ ಸಲೀಸಾಗಿ ಕೂರುವುದು. ಕೂತಿತು ಎನ್ನುವುದು ಇಲ್ಲಿ ಪರೀಕ್ಷೆಯೇ ಅಲ್ಲ.

ಚೇಂಬರ್ ಮುಗಿದಲ್ಲಿಂದ ನಳಿಗೆ 20 ಮಿ.ಮೀ. ಚಿಲ್ಲರೆಯಿಂದ 18.5ಕ್ಕೆ ಇಳಿಯುತ್ತದೆ, ಆ ಇಳಿಜಾರಿಗೆ ಕೋನ್ ಎನ್ನುತ್ತಾರೆ. ನಿಮ್ಮ ಕೋವಿಯಲ್ಲಿ ಅದು 65ಕ್ಕೇ ಶುರು. 70ರ ತೋಟೆ ಹಾರಿದಾಗ ಬಿಚ್ಚಿಕೊಂಡ ಬಾಯಿಯ ಕೊನೆಯ 5 ಮಿ.ಮೀ. ಆ ಇಳಿಜಾರಿನೊಳಗೆ ಹೋಗಿ ಗೋಡೆಗೆ ಒತ್ತಿಕೊಳ್ಳುತ್ತದೆ. ವಾಡ್ ಮತ್ತು ಚರೆ ಹೊರಗೆ ಹೋಗಬೇಕಾದ ದಾರಿ ಅಲ್ಲಿ ಪ್ಲಾಸ್ಟಿಕ್ಕಿನ ದಪ್ಪದಷ್ಟು ಕಿರಿದಾಗುತ್ತದೆ. ಒತ್ತಡ ಏರುವುದು ಅಲ್ಲಿ. ಜೊತೆಗೆ 70ರ ತೋಟೆಯಲ್ಲಿ ಮದ್ದೂ ಚರೆಯೂ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ, ಹಳೇ ಕೋವಿಯನ್ನು ಆ ಒತ್ತಡಕ್ಕೆ ಪರೀಕ್ಷೆ ಮಾಡಿರುವುದಿಲ್ಲ. ವಾಡ್‌ನ ಅಂಚೂ ತೋಟೆಯ ಬಾಯಿಯೂ ಅಲ್ಲಿ ತರಿದುಕೊಂಡು ಬಿಸಿಗೆ ಮೆತ್ತುತ್ತವೆ, ನಿಮ್ಮ ಪೊರೆ ಅದೇ.

ಹಾರಿಸಿದ ಖಾಲಿ ತೋಟೆ ಇದ್ದರೆ ಬಾಯಿ ನೋಡಿ. ಸರಿಯಾದ ಚೇಂಬರಿನಲ್ಲಿ ಹಾರಿದ್ದಕ್ಕೆ ಮಡಿಕೆಯ ಗೆರೆ ಬಿಟ್ಟರೆ ಅಂಚು ಸಮ. ಗಿಡ್ಡ ಚೇಂಬರಿನದಕ್ಕೆ ಅಂಚು ತೆಳ್ಳಗೆ ಎಳೆದು ಹಿಗ್ಗಿ, ಹರಿದ ಬಾಳೆಲೆಯ ಹಾಗೆ ಚಿಂದಿ.

ತಿರುಗಿಸಿ ಕೇಳುವವರಿಗೆ: 70ರ ಚೇಂಬರಿಗೆ 65ರ ತೋಟೆ ಹಾಕಬಹುದು. ಅಪಾಯ ಇಲ್ಲ. 5 ಮಿ.ಮೀ. ಜಾಗ ಖಾಲಿ ಉಳಿಯುವುದರಿಂದ ಸ್ವಲ್ಪ ಗ್ಯಾಸ್ ಸೋರಿ ಚರೆ ಹರಡುವುದು ತುಸು ಕೆಡಬಹುದು, ಅಷ್ಟೆ.

ಹಳೇ ಮನೆಗಳಲ್ಲಿ ನಳಿಗೆಯ ಮೇಲೆ ಹಾವಿನ ಮೈಯಂಥ ಸುರುಳಿ ನಕಾಸೆ ಕಾಣುವ ಡಮಾಸ್ಕಸ್ ಕೋವಿಗಳು ಈಗಲೂ ಇವೆ. ಅದಕ್ಕೆ ಇಂದಿನ ತೋಟೆ ಯಾವುದೂ ಬೇಡ, 65 ಆದರೂ ಬೇಡ. ತಿಳಿದವರು ಪರೀಕ್ಷೆ ಮಾಡಿ ಹೇಳುವವರೆಗೆ ಗೋಡೆಯಲ್ಲೇ ಚೆಂದ.

ನಳಿಗೆನೋಟ

ಚೇಂಬರ್ ಮೊದಲೇ ಕೇಳಬೇಕಿತ್ತು, ನನ್ನಿಂದ ತಪ್ಪಿತು. ಈಗ ಪೊರೆ ತೆಗೆಯುವ ವಿಧಾನ.

ಕೋವಿ ಖಾಲಿ ಎಂದು ಎರಡು ಸಲ ನೋಡಿ ನಳಿಗೆ ಬಿಚ್ಚಿ. ಯಾವಾಗಲೂ ಬುಡದಿಂದ ಬಾಯಿ ಕಡೆಗೆ ನೂಕಬೇಕು. ಉಲ್ಟಾ ಮಾಡಿದರೆ ಕೊಳೆ ಬೀಗದ ಕಡೆ ಬರುತ್ತದೆ, ಬಾಯಿಯ ಅಂಚೂ ಸವೆಯುತ್ತದೆ. ಮೊದಲು ಒಣ ಬಟ್ಟೆ ಒಂದು. ಆಮೇಲೆ ಕೋವಿಗೆಂದೇ ಸಿಗುವ ಸಾಲ್ವೆಂಟ್‌ನಲ್ಲಿ ನೆನೆಸಿದ ಬಟ್ಟೆಯನ್ನು ಕೋನ್ ಇರುವ ಜಾಗಕ್ಕೆ ನಿಲ್ಲಿಸಿ ಕಾಲು ಗಂಟೆ ಬಿಡಿ. ಬಟ್ಟೆ ತೆಗೆದು 12 ಬೋರಿನ ಕಂಚಿನ ಬ್ರಷ್ಷನ್ನು ಆ ಜಾಗದಲ್ಲಿ ತಿರುವುತ್ತಾ ಇಪ್ಪತ್ತು ಸಲ ಆಡಿಸಿ. ಪ್ಲಾಸ್ಟಿಕ್ ಬೂದು ಎಳೆಗಳಾಗಿ ಉದುರುತ್ತದೆ. ಸೀಸವೂ ಇದ್ದರೆ ಸವೆದ ಬ್ರಷ್ಷಿಗೆ ಪಾತ್ರೆ ತಿಕ್ಕುವ ತಾಮ್ರದ ಎಳೆ ನಾಲ್ಕು ಸುತ್ತು ಸುತ್ತಿ ಒಮ್ಮೆ ಆಡಿಸಿ. ಅಂಗಡಿಯಲ್ಲಿ ಸಿಗುವ ಕೆಲವು ತಾಮ್ರದ ಬಣ್ಣದ್ದು ಮಾತ್ರ, ಒಳಗೆ ಕಬ್ಬಿಣ. ಮ್ಯಾಗ್ನೆಟ್ ಹಿಡಿಯಿರಿ, ಅಂಟಿದರೆ ಬಿಸಾಡಿ.

ಕೊನೆಗೆ ಒಣ ಬಟ್ಟೆ, ಬೆಳಕಿಗೆ ಹಿಡಿದು ಎರಡೂ ಕಡೆಯಿಂದ ನೋಡುವುದು, ಆಮೇಲೆ ತೆಳು ಎಣ್ಣೆ. ಹೊಲಿಗೆ ಯಂತ್ರದ ಎಣ್ಣೆ ಆಗುತ್ತದೆ. ತೆಂಗಿನೆಣ್ಣೆ ಬೇಡ, ಕ್ರಮೇಣ ಅಂಟಾಗಿ ಧೂಳು ಹಿಡಿಯುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದರೆ ತೊಳೆಯಿರಿ, ಅಲ್ಲಿಗೇ ಬಿಡಬೇಡಿ. ಅದು ಆರಿದ ಮೇಲೆ ಉಕ್ಕು ಬರಿಮೈ. ಉಜ್ಜಿದ ಬಟ್ಟೆಯಲ್ಲಿ ಸೀಸ ಇರುತ್ತದೆ, ಅಡಿಗೆ ಮನೆಯಲ್ಲಿ ಈ ಕೆಲಸ ಮಾಡಬೇಡಿ, ಕೈ ಸೋಪು ಹಾಕಿ ತೊಳೆಯಿರಿ.

ಮಳೆಗಾಲಕ್ಕೆ ಮುಂಚೆ ತೆಗೆಯಲೇಬೇಕಾ ಎಂದು ಕೇಳಿದ್ದಿರಿ. ಹೌದು, ಅದೂ ಕಡ್ಡಾಯ. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಹೊಯ್ಯುವ ಊರು ನಮ್ಮದು. ಪ್ಲಾಸ್ಟಿಕ್ ಪೊರೆಯ ಅಡಿಗೆ ತೇವ ಸೇರಿಕೊಂಡರೆ ಎಣ್ಣೆ ಅಲ್ಲಿಗೆ ಮುಟ್ಟುವುದಿಲ್ಲ. ಮೇಲಿನಿಂದ ನೋಡಿದರೆ ಹೊಳಪು, ಅಡಿಯಲ್ಲಿ ತುಕ್ಕು. ಅಕ್ಟೋಬರಿನಲ್ಲಿ ಪೊರೆ ತೆಗೆದಾಗ ಕಾಣುವುದು ಗುಳಿ. ಒಳಗೆ ಕ್ರೋಮ್ ಲೇಪ ಇರುವ ಹೊಸ ನಳಿಗೆಗಳಿಗೆ ಈ ಕಾಟ ಕಡಿಮೆ, ಹಳೆಯವಕ್ಕೆ ಅದು ಇರುವುದಿಲ್ಲ.

ಉಡುಪಿ ಕಡಲಬದಿ

ಕಡಲ ಹತ್ತಿರ ಇರುವವರಿಗೆ ಉಪ್ಪು ಗಾಳಿ ಬೇರೆ. ಚರ್ಮದ ಚೀಲ, ಬಟ್ಟೆಯ ಗವಸಿನಲ್ಲಿ ಕೋವಿ ಇಟ್ಟರೆ ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ತೋಟೆಯನ್ನು ಚರ್ಮದ ಬೆಲ್ಟಿನಲ್ಲಿ ಬಿಟ್ಟರೆ ಹಿತ್ತಾಳೆ ಬುಡಕ್ಕೆ ಹಸಿರು ಕಿಲುಬು ಏರಿ ಚೇಂಬರಿನಲ್ಲಿ ಅಂಟುತ್ತದೆ. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅಷ್ಟೇ ಸಾಕು. ಕಾಗದದ ತೋಟೆ ಉಳಿದಿದ್ದರೆ ತೇವಕ್ಕೆ ಉಬ್ಬಿರುತ್ತದೆ, ಒತ್ತಿ ಕೂರಿಸಬೇಕಾದ ತೋಟೆ ಹಾಕಲೇಬೇಡಿ.

ಚುನಾವಣೆಗೆ ಠಾಣೆಯಲ್ಲಿ ಇಡುವಾಗ ತಿಂಗಳುಗಟ್ಟಲೆ ಯಾರೂ ಮುಟ್ಟುವುದಿಲ್ಲ. ಅದಕ್ಕೆ ತೆಳು ಎಣ್ಣೆ ಸಾಲದು, ನಳಿಗೆಯೊಳಗೆ ಗ್ರೀಸ್ ಸವರಿ ಕೊಡಿ. ವಾಪಸ್ ತಂದ ಮೇಲೆ ಅದನ್ನು ಪೂರ್ತಿ ಒರೆಸದೆ ಹಾರಿಸಬಾರದು, ಗಟ್ಟಿ ಗ್ರೀಸ್ ಎಂದರೆ ನಳಿಗೆಯೊಳಗಿನ ಅಡಚಣೆಯೇ. ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು, ಹೊರಗಿನಿಂದ ಕಾಣುವುದಿಲ್ಲ. ಪ್ರತಿ ಸಲ ತೋಟೆ ಹಾಕುವ ಮುಂಚೆ ಬೆಳಕಿಗೆ ಹಿಡಿದು ಆರಪಾರ ನೋಡಿ. ಹಾರಿಸಿ ತೆಗೆಯುವ ಯೋಚನೆ ಬೇಡ.

ತೇವ ತಾಗಿದ ತೋಟೆ ಕೆಲವೊಮ್ಮೆ ಢಂ ಎನ್ನದೆ ಟುಸ್ಸ್ ಎನ್ನುತ್ತದೆ, ಭುಜಕ್ಕೆ ಒದೆತವೂ ಇರುವುದಿಲ್ಲ. ಬಾಯಿ ಸುರಕ್ಷಿತ ದಿಕ್ಕಿಗೇ ಹಿಡಿದು ಅರ್ಧ ನಿಮಿಷ ಕಾದು ಬಿಚ್ಚಿ ನೋಡಿ. ವಾಡ್ ನಡುವೆ ಸಿಕ್ಕಿಕೊಂಡಿರುತ್ತದೆ. ಗೊತ್ತಾಗದೆ ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. 20 ಬೋರಿನ ತೋಟೆ 12ರ ಚೇಂಬರಿನಲ್ಲಿ ಜಾರಿ ಕೋನ್‌ನಲ್ಲಿ ನಿಲ್ಲುವುದೂ ಇದೇ ಜಾತಿಯ ಅಪಾಯ. 20ರ ತೋಟೆಗೆ ಹಳದಿ ಬಣ್ಣ ಕೊಡುವುದು ಅದಕ್ಕೇ. ಎರಡೂ ಬೋರು ಇರುವ ಮನೆಯಲ್ಲಿ ಒಂದೇ ಡಬ್ಬದಲ್ಲಿ ಇಡಬೇಡಿ.

ಟ್ರ್ಯಾಪ್ ಮಂಗ್ಳೂರು

ಉಕ್ಕಿನ ಚರೆಯ ಬಗ್ಗೆ ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ. ನೀರುಹಕ್ಕಿಗಳಿಗೆ ಸೀಸದ ವಿಷ ಆಗುತ್ತದೆ ಎಂದು ಅಮೆರಿಕದಲ್ಲಿ 1991ರಿಂದ ಬಾತುಕೋಳಿ ಬೇಟೆಗೆ ಸೀಸ ನಿಷೇಧ, ಅಲ್ಲಿ ಉಕ್ಕಿನ ಚರೆ ಬಂತು. ಅದು ಸೀಸದ ಹಾಗೆ ಜಜ್ಜಿಕೊಳ್ಳುವುದಿಲ್ಲ. ಹಾಗಾಗಿ ಅಲ್ಲಿ ವಾಡ್‌ನ ಕೆಲಸ ಪೂರ್ತಿ ತಿರುಗಿ ಬಿತ್ತು, ಚರೆಯಿಂದ ನಳಿಗೆಯನ್ನು ಕಾಯುವುದು. ಎಸಳು 1 ಮಿ.ಮೀ. ಮೀರಿ ದಪ್ಪ, ಗಟ್ಟಿ ಪ್ಲಾಸ್ಟಿಕ್. ಆದರೂ ಹಾಫ್‌ಗಿಂತ ಬಿಗಿ ಚೋಕ್‌ನಲ್ಲಿ ಹಾರಿಸಬಾರದು, ಚೋಕ್ ಶುರುವಾಗುವ ಕಡೆ ಹೊರಗೆ ಉಂಗುರದ ಹಾಗೆ ಉಬ್ಬು ಏಳುತ್ತದೆ. ಇವರ ಎಡ ನಳಿಗೆ ಫುಲ್, ಕೋವಿ ಹಳೆಯದು. ಅದಕ್ಕೆ ಉಕ್ಕು ಬೇಡ.

ಸೈಕಲ್ ಬೇರಿಂಗಿನ ಗುಂಡು ಹಾಕುವವರ ಮಾತು ಕೇಳಿ ಬರುತ್ತದೆ. ಉಕ್ಕಿನ ಚರೆ ಎಂದರೆ ಮೆತ್ತಗೆ ಮಾಡಿದ ಕಬ್ಬಿಣ, ಬೇರಿಂಗಿನದ್ದು ಹದ ಕೊಟ್ಟ ಉಕ್ಕು, ನಳಿಗೆಗಿಂತ ಗಟ್ಟಿ. ಸೀಸಕ್ಕೆಂದು ಮಾಡಿದ ಎಸಳನ್ನು ಒಂದೇ ಈಡಿಗೆ ಕೊಯ್ದು ನಳಿಗೆಯಲ್ಲಿ ಉದ್ದಕ್ಕೆ ಗೀರು ಎಳೆಯುತ್ತದೆ. ಅದನ್ನು ಯಾವ ಬ್ರಷ್ಷೂ ತೆಗೆಯುವುದಿಲ್ಲ.

ಕಾರ್ಕಳದ ಅಡಿಕೆ

ಪೊರೆ ಬಂತು, ಅಡಿಯಲ್ಲಿ ಗುಳಿ ಇಲ್ಲ. ಖಾಲಿ ತೋಟೆಯ ಬಾಯಿ ನೋಡಿದೆ, ಚಿಂದಿಯೇ. 70ರದ್ದು ಇನ್ನೂ ಹದಿನೆಂಟು ಉಳಿದಿವೆ. ಬಾಯಿಯನ್ನು 5 ಮಿ.ಮೀ. ಕತ್ತರಿಸಿದರೆ 65 ಆಗುವುದಿಲ್ಲವಾ?

ಹೆಬ್ರಿ ಕಾಡುಬದಿ

ಬೇಡ ಮಾರಾಯ್ರೆ. ಕತ್ತರಿಸಿದರೆ ಹೋಗುವುದು ಬಾಯಿಯ ಮಡಿಕೆ, ಚರೆ ಚೆಲ್ಲುತ್ತದೆ. ಒಳಗಿನ ಮದ್ದು ಹಾಗೇ 70ರದ್ದೇ ಇರುತ್ತದೆ. ತಂದ ಅಂಗಡಿಗೇ ಡಬ್ಬ ಸಮೇತ ಒಯ್ದು 65ಕ್ಕೆ ಬದಲಿಸಿ ಕೊಡುತ್ತಾರಾ ಕೇಳಿ, ಲೈಸೆನ್ಸ್ ಪುಸ್ತಕದಲ್ಲಿ ಎಣಿಕೆ ಬರೆಸಿಕೊಳ್ಳುವುದನ್ನು ಮರೆಯಬೇಡಿ. ಅಲ್ಲಿಯವರೆಗೆ ಆ ಹದಿನೆಂಟನ್ನು ಬೇರೆ ಡಬ್ಬಕ್ಕೆ ಹಾಕಿ ಮುಚ್ಚಳದ ಮೇಲೆ 70 ಎಂದು ದಪ್ಪಕ್ಕೆ ಬರೆದು ಕೋವಿ ಇರುವ ಕಪಾಟಿನಿಂದ ಹೊರಗೆ, ಬೀಗ ಹಾಕಿ ಇಡಿ.